ಊಳಿಗ ಯಾರದು, ಮಾನ್ಯ ಯಾರದು?

“ಅಪ್ಪ ಅವ್ವನ್ನ ನೋಡಿಕೊಂಡವ್ರು ನಾವು. ಹೊಲಾನೂ ನಮಗೇ ಬರಬೇಕಲ್ಲೇನು?”

ಈ ಮಾತನ್ನು ನೀವೂ ಕೇಳಿಯೇ ಇರುತ್ತೀರಿ. ಕೇಳಿಲ್ಲವೆಂದರೆ ಒಂದೋ ನಿಮಗೆ ಅಣ್ಣತಮ್ಮಂದಿರಿಲ್ಲ, ಇಲ್ಲವೇ ತವರಿನಲ್ಲಿ ಹೊಲವಿಲ್ಲ. ನಮ್ಮ ಶಾಲೆಗೆ ಎರಡು ವರ್ಷದ ಹಿಂದೆ ಬಂದ ಕಿರಿಯ ಟೀಚರೊಬ್ಬಳು ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕೂತಿದ್ದಳು. ತವರು ಸಿರುಗುಪ್ಪದ ಕಡೆ. ಅಣ್ಣ ಫೋನು ಮಾಡಿದ್ದನಂತೆ. ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಖುಲಾಸೆ ಪತ್ರಕ್ಕೆ ಒಂದು ಸಹಿ ಹಾಕಿ ಹೋಗಬೇಕು, ಆಧಾರ್ ಕಾರ್ಡು ಮರೆಯದೆ ತರಬೇಕು, ಊಟ ಅಲ್ಲೇ ಮುಗಿಸಿಕೊಂಡು ಹೋದರಾಯಿತು. ರೇಷ್ಮೆ ಸೀರೆ ಆಗಲೇ ತೆಗೆದಿಟ್ಟಿದ್ದಾರಂತೆ.

“ಏನ್ಮಾಡ್ಲಿ ಅಕ್ಕಾರೆ?” ಎಂದಳು.

ನಾನು ಬಾಯಿ ತೆರೆಯುವುದರೊಳಗೆ ಸ್ಟಾಫ್ ರೂಮು ತೀರ್ಪು ಕೊಟ್ಟಾಗಿತ್ತು. “ಸಹಿ ಹಾಕಿಬಿಡು, ತವರು ಉಳೀತೈತಿ” ಎಂದರು ಒಬ್ಬರು. “ಅವ್ರ ಸೇವಾ ಮಾಡಿದವ್ರಿಗೆ ಹೊಲ, ನ್ಯಾಯ ಅಂದ್ರ ಅದೇ” ಎಂದರು ಇನ್ನೊಬ್ಬರು. ಅವರು ಗಣಿತದವರು, ಲೆಕ್ಕ ತಪ್ಪುವವರಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಹೋಗಿ ಆ ಪೀರಿಯಡ್ಡಿನಲ್ಲಿ ಮಾಡಬೇಕಿದ್ದ ಪಾಠ ಯಾವುದು ಗೊತ್ತೆ? ಮಧ್ಯಯುಗದ ಯುರೋಪಿನ ಊಳಿಗಮಾನ್ಯ ಪದ್ಧತಿ.

ಎಷ್ಟೋ ವರ್ಷಗಳಿಂದ ಈ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಗೋಪುರ ಬರೆಯುವುದು, ತುದಿಯಲ್ಲಿ ದೊರೆ, ಕೆಳಗೆ ಶ್ರೀಮಂತರು, ಅವರ ಕೆಳಗೆ ನೈಟುಗಳು, ತಳದಲ್ಲಿ ಜೀತದ ರೈತರು. ಐದು ಅಂಕದ ಪ್ರಶ್ನೆ. ಊಳಿಗಮಾನ್ಯ ಎಂಬ ಪದವನ್ನು ಬಿಡಿಸಿ ನೋಡಿ ಎಂದು ಒಮ್ಮೆಯೂ ಮಕ್ಕಳಿಗೆ ಹೇಳಿರಲಿಲ್ಲ. ಅಂದು ಹೇಳಿದೆ. ಊಳಿಗ ಎಂದರೆ ಚಾಕರಿ. ಮಾನ್ಯ ಎಂದರೆ ಕಂದಾಯ ಬಿಟ್ಟು ಕೊಟ್ಟ ಜಮೀನು. ಚಾಕರಿ ಮಾಡು, ಜಮೀನು ಉಣ್ಣು. ಸ್ಟಾಫ್ ರೂಮಿನಲ್ಲಿ ಈಗಷ್ಟೇ ಕೇಳಿಬಂದ ನ್ಯಾಯ ಇದೇ ಅಲ್ಲವೆ? ಇಂಗ್ಲೆಂಡಿನವರು 1660ರಲ್ಲಿ ಕಾಯ್ದೆ ಮಾಡಿ ತೆಗೆದುಹಾಕಿದ ಪದ್ಧತಿಯನ್ನು ನಾವು ಬಳ್ಳಾರಿಯಲ್ಲಿ ಊಟದ ಡಬ್ಬಿ ಎದುರಿಗಿಟ್ಟುಕೊಂಡು ನಡೆಸುತ್ತಿದ್ದೇವೆ. ಆದರೆ ಒಂದು ವ್ಯತ್ಯಾಸವಿದೆ, ನನ್ನ ತಕರಾರು ಇರುವುದೂ ಅಲ್ಲೇ. ಅಲ್ಲಿ ಊಳಿಗ ಮಾಡಿದವನಿಗೇ ಮಾನ್ಯ ಸಿಗುತ್ತಿತ್ತು. ಇಲ್ಲಿ ಊಳಿಗ ಮಾಡುವವಳು ಒಬ್ಬಳು, ಮಾನ್ಯ ಉಣ್ಣುವವನು ಇನ್ನೊಬ್ಬ.

ಮೊದಲು ಇಂಗ್ಲೆಂಡಿನದನ್ನು ಹೇಳಿ ಮುಗಿಸುತ್ತೇನೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದ ಮೇಲೆ ನೆಲವೆಲ್ಲ ದೊರೆಯದು ಎಂದಾಯಿತು. ಉಳಿದವರೆಲ್ಲ ಅವನಿಂದ ಪಡೆದು ಉಣ್ಣುವವರು. ಯಾರ ಕೈಯಲ್ಲಿ ಎಷ್ಟು ನೆಲ, ಎಷ್ಟು ನೇಗಿಲು, ಎಷ್ಟು ಗಿರಣಿ ಎಂದು 1086ರಲ್ಲಿ ಅವನು ಬರೆಸಿದ ಡೂಮ್ಸ್‌ಡೇ ಪುಸ್ತಕವನ್ನು ನಮ್ಮ ಪಹಣಿಯ ದೂರದ ಮುತ್ತಜ್ಜ ಎನ್ನಬಹುದು. ನೈಟಿನ ಜಮೀನು ಉಣ್ಣುವವನು ಕುದುರೆ, ಕವಚ ಹೊಂದಿಸಿಕೊಂಡು ವಾಡಿಕೆಯಂತೆ ವರ್ಷಕ್ಕೆ 40 ದಿನ ಒಡೆಯನ ಸೈನ್ಯದಲ್ಲಿ ದುಡಿಯಬೇಕು. ಹೋಗಲು ಮನಸ್ಸಿಲ್ಲದವರು ಗುರಾಣಿ ಹಣ ಎಂಬ ತೆರಿಗೆ ಕಟ್ಟಿ ಮನೆಯಲ್ಲೇ ಇರುವ ರೂಢಿಯೂ ಬಂತು. ಸಣ್ಣಪುಟ್ಟ ಊಳಿಗಗಳಿಗೂ ಜಮೀನಿತ್ತು. ಎರಡನೆಯ ಹೆನ್ರಿಯ ಕಾಲದಲ್ಲಿ ಸಫೊಕ್ ಸೀಮೆಯ ರೋಲಂಡ್ ಎಂಬವನಿಗೆ 30 ಎಕರೆ ಕೊಟ್ಟದ್ದು, ಪ್ರತಿ ಕ್ರಿಸ್ಮಸ್ಸಿನಂದು ದೊರೆಯ ಮುಂದೆ ಒಂದು ಜಿಗಿತ, ಒಂದು ಸಿಳ್ಳೆ, ಒಂದು ಹೂಸು, ಇಷ್ಟು ಸೇವೆ ಸಲ್ಲಿಸಬೇಕೆಂಬ ಕರಾರಿನ ಮೇಲೆ. (ಇದನ್ನು ಕ್ಲಾಸಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಆ ಪೀರಿಯಡ್ಡಿನ ಗತಿ ಮುಗಿಯುತ್ತಿತ್ತು.)

ಹೆಂಗಸರು ಎಲ್ಲಿದ್ದರು? ಗಂಡು ಮಕ್ಕಳಿಲ್ಲದಿದ್ದರೆ ಮಗಳಿಗೆ ಆ ಜಮೀನು ಬರುತ್ತಿತ್ತು. ಆದರೆ ಅವಳು ಕತ್ತಿ ಹಿಡಿದು ಹೋಗುವವಳಲ್ಲವಲ್ಲ! ಆದ್ದರಿಂದ ಅವಳ ಗಂಡ ಯಾರೆಂದು ಒಡೆಯ ತೀರ್ಮಾನಿಸುತ್ತಿದ್ದ. ತಂದೆ ಸತ್ತ ಹುಡುಗಿಯ ಮದುವೆ ಒಡೆಯನಿಗೆ ಸೇರಿದ ಸ್ವತ್ತು. ಅದನ್ನು ಅವನು ಮಾರಲೂಬಹುದಿತ್ತು. 1185ರಲ್ಲಿ ದೊರೆಯ ಅಧಿಕಾರಿಗಳು ಒಂದು ಸುರುಳಿ ಬರೆದರು. ದೊರೆಯ ಕೈಯಲ್ಲಿರುವ ವಿಧವೆಯರು, ತಂದೆಯಿಲ್ಲದ ಹುಡುಗ ಹುಡುಗಿಯರು, ಅವರ ವಯಸ್ಸು, ಜಮೀನಿನ ಬೆಲೆ, ಮಕ್ಕಳ ಲೆಕ್ಕ ಎಲ್ಲ ಅದರಲ್ಲಿದೆ. ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ದನದ ಹಲ್ಲು ಎಣಿಸಿದ ಹಾಗೆ. ಗಂಡನಿಲ್ಲದೆ ಬದುಕಲು ಇಚ್ಛಿಸುವ ವಿಧವೆಯನ್ನು ಬಲವಂತದಿಂದ ಮದುವೆ ಮಾಡಿಸಬಾರದು ಎಂದು ಬರೆಸಿಕೊಳ್ಳಲು 1215ರ ಮ್ಯಾಗ್ನಾ ಕಾರ್ಟಾ ಬೇಕಾಯಿತು. ಅದರಲ್ಲೂ ಅವಳು ಮತ್ತೆ ಮದುವೆಯಾದರೆ ಒಡೆಯನ ಒಪ್ಪಿಗೆ ಬೇಕೆಂಬ ಬಾಲ ಇದ್ದೇ ಇತ್ತು.

ಕೊನೆಗೆ 1660ರಲ್ಲಿ ಆ ಊಳಿಗದ ಕರಾರುಗಳು ರದ್ದಾದವು. ಜಮೀನು ಮಾತ್ರ ಜಮೀನುದಾರರ ಬಳಿಯೇ ಉಳಿಯಿತು. ದೊರೆಗೆ ಆದ ನಷ್ಟ ತುಂಬಿಕೊಡಲು ಬಿಯರು, ಕಾಫಿ, ಚಹಾದ ಮೇಲೆ ಸುಂಕ ಹಾಕಿದರು. ಎಂದರೆ ನೆಲ ಉಳ್ಳವನ ಹೆಗಲ ಭಾರ ಬಿಯರು ಕುಡಿಯುವ ಕೂಲಿಯವನ ಹೆಗಲಿಗೆ ಹೋಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೆಲ್ಲ ಬಿಳಿಯರ ರೋಗ, ನಮ್ಮಲ್ಲಿ ಧರ್ಮ ಇತ್ತು ಎನ್ನುವವರು ಇದ್ದಾರೆ. ಅವರು ಬಳ್ಳಾರಿಗೆ ಬರಲಿ. ಪಾರ್ವತಿನಗರದ ನಮ್ಮ ಮನೆಯ ಮಾಳಿಗೆ ಮೇಲೆ ನಿಂತರೆ ಗುಡ್ಡ ಕಾಣುತ್ತದೆ. ಅದರ ಮೇಲಿನ ಕೋಟೆ ಕಟ್ಟಿಸಿದವನು ವಿಜಯನಗರದ ಕೈಕೆಳಗಿನ ಹನುಮಪ್ಪ ನಾಯಕ. ನಾಯಕ ಎಂದರೇನು? ದೊರೆಯಿಂದ ಸೀಮೆಯನ್ನು ಪಡೆದು, ಅದರ ಉತ್ಪನ್ನದಲ್ಲಿ ಇಷ್ಟು ಕಾಲಾಳು, ಇಷ್ಟು ಕುದುರೆ, ಇಷ್ಟು ಆನೆ ಸಾಕಿ, ಕರೆದಾಗ ಯುದ್ಧಕ್ಕೆ ಹೋಗುವವನು. ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ನೆಲವೆಲ್ಲ ದೊರೆಯದು, ನಾಯಕರು ಅವನ ಕೈಯಿಂದ ಪಡೆದವರು, ಉಳುವವನು ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಕೊಡುತ್ತಾನೆ ಎಂದು. ಪಾಠದ ಗೋಪುರ ನೋಡಲು ಮಕ್ಕಳು ಯುರೋಪಿಗೆ ಯಾಕೆ ಹೋಗಬೇಕು, ಹಂಪಿಗೆ ಬಸ್ಸಿದೆ. (ಹಂಪಿ ಈಗ ನಮ್ಮ ಜಿಲ್ಲೆಯಲ್ಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಬಸ್ಸು ಮಾತ್ರ ಅದೇ.)

ಇನ್ನೂ ಹಿಂದಕ್ಕೆ ಹೋಗಿ. ಕನ್ನಡದ ಅತಿ ಹಳೆಯ ಶಾಸನ ಎಂದು ನಾವೆಲ್ಲ ಬಾಯಿಪಾಠ ಮಾಡಿದ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅದರಲ್ಲಿ ಏನಿದೆ ಎಂದು ನಾವು ಕೇಳಿಕೊಂಡೆವೆ? ಯುದ್ಧದಲ್ಲಿ ಕಾದಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ‘ಬಾಳ್ಗಳ್ಚು’ ಎಂದು ಕೊಟ್ಟ ಲೆಕ್ಕವಿದೆ. ಕತ್ತಿ ತೊಳೆದದ್ದಕ್ಕೆ ಕೊಟ್ಟ ಮಾನ್ಯ. ನಮ್ಮ ಭಾಷೆ ಕಲ್ಲಿನ ಮೇಲೆ ಅಕ್ಷರ ತಿದ್ದಿದ್ದೇ ಊಳಿಗಕ್ಕೆ ಜಮೀನು ಬರೆಯುತ್ತ. ಮುಂದೆ ರಣದಲ್ಲಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ, ಕೆರೆ ನೋಡಿಕೊಂಡವನಿಗೆ ಕೆರೆಗೊಡಗೆ, ಹೀಗೆ ಪದಗಳ ಮೆರವಣಿಗೆಯೇ ಇದೆ.

ನಮ್ಮ ಜಿಲ್ಲೆ ಇಂಗ್ಲಿಷರ ಕೈಗೆ ಹೋದದ್ದೂ ಇದೇ ದಾರಿಯಲ್ಲಿ. 1800ರಲ್ಲಿ ಹೈದರಾಬಾದಿನ ನಿಜಾಮ, ಕಂಪನಿಯ ಸೈನ್ಯ ತನ್ನ ರಾಜ್ಯವನ್ನು ಕಾಯುವುದರ ಖರ್ಚಿನ ಬಾಬ್ತು ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು ಬಿಟ್ಟುಕೊಟ್ಟ. ಅದಕ್ಕೇ ದತ್ತಮಂಡಲ ಎಂಬ ಹೆಸರು ಬಂದದ್ದು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಪಾಳೆಯಗಾರರ ಸೈನ್ಯ ಕಳಚಿ ಅವರನ್ನು ಮೂಲೆಗೆ ಕೂರಿಸಿದ. ಊರೊಳಗಿನ ಚಾಕರಿ ಮಾನ್ಯಗಳು ಮಾತ್ರ ಉಳಿದವು. ತಳವಾರನಿಗೆ ಇಷ್ಟು, ನೀರುಗಂಟಿಗೆ ಇಷ್ಟು, ತೋಟಿಗೆ ಇಷ್ಟು, ಶಾನುಭೋಗರಿಗೆ ಎಲ್ಲರಿಗಿಂತ ಒಳ್ಳೆಯದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಹುದ್ದೆಗಳು ಹೋದವು. ಜಮೀನು ಹುದ್ದೆ ಹೊಂದಿದ್ದವರಿಗೇ ಮರುಮಂಜೂರಾಯಿತು. ಕಾಯ್ದೆ ಬಂದು ಹತ್ತು ಹದಿನೈದು ವರ್ಷವಾಗಿದ್ದರೂ, ಕುರುಗೋಡಿನ ಹತ್ತಿರದ ನಮ್ಮೂರಿನಲ್ಲಿ ಚಾವಡಿಯ ಕಸ ಹೊಡೆಯುತ್ತಿದ್ದವಳು ತೋಟಿಯ ಹೆಂಡತಿ. ಅದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವಳು ಬಂದಳೆಂದರೆ ನಮಗೆ ಬೆಳಗಾಯಿತು. ಮಾನ್ಯದ ಕಾಗದದಲ್ಲಿ ಇದ್ದದ್ದು ಅವಳ ಗಂಡನ ಹೆಸರು. ಅವಳ ಹೆಸರೇನೆಂದು ನನಗೂ ನೆನಪಿಲ್ಲ. ಆಗ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ.

ಹಾಗಾದರೆ ನಮ್ಮ ಸೀಮೆಯಲ್ಲಿ ಹೆಣ್ಣಿಗೆ ನೇರವಾಗಿ ನೆಲ ಸಿಕ್ಕಿದ್ದೇ ಇಲ್ಲವೆ? ಸಿಕ್ಕಿದೆ. ಅದನ್ನು ಹೇಳಲು ನಾಲಿಗೆ ಭಾರವಾಗುತ್ತದೆ. ಬಸವಿ ಬಿಡುವುದು ಎಂದರೆ ಬಳ್ಳಾರಿಯ ಹೆಂಗಸರಿಗೆ ವಿವರಿಸಬೇಕಿಲ್ಲ. ಗಂಡು ಸಂತಾನವಿಲ್ಲದ ಮನೆಯವರು ಒಬ್ಬ ಮಗಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಅವಳು ಮಗನಿಗೆ ಸಮ. ಅಪ್ಪನ ಆಸ್ತಿ ಅವಳಿಗೆ, ಅಪ್ಪನ ಕರ್ಮಾಂತರ ಅವಳ ಕೈಯಿಂದ, ಅವಳ ಮಕ್ಕಳಿಗೆ ತಾಯಿಯ ಮನೆತನದ ಹೆಸರು. 1890ರ ದಶಕದ ಆರಂಭದಲ್ಲಿ ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಳ್ಳಾರಿ ಜಿಲ್ಲೆಯ ಬಸವಿಯರ ಬಗ್ಗೆ ಒಂದು ಪ್ರಬಂಧ ಬರೆದ. ದೇವರಿಗೆ ಬಿಟ್ಟದ್ದರಿಂದ ಗಂಡಸಿನ ಹಕ್ಕು ಪಡೆಯುವ ಹೆಂಗಸರು ಎಂಬುದೇ ಅದರ ಶೀರ್ಷಿಕೆಯ ಅರ್ಥ.

ನೋಡಿದಿರಾ, ಮಗಳಿಗೆ ಮಗನ ಪಾಲು ಬರಬೇಕಾದರೆ ಅವಳು ಮದುವೆಯಾಗುವ ಹಾಗಿರಲಿಲ್ಲ. ಇಂಗ್ಲೆಂಡಿನ ಹುಡುಗಿಗೆ ಜಮೀನು ಬಂದರೆ ದೊರೆ ಗಂಡನನ್ನು ಆರಿಸಿದ. ಇಲ್ಲಿನ ಹುಡುಗಿಗೆ ಬಂದರೆ ಊರವರು ದೇವರನ್ನೇ ಗಂಡನಾಗಿ ಆರಿಸಿದರು. ದೇವರು ಪಾಪ ಸುಮ್ಮನಿದ್ದ, ಊರಿನ ಉಳ್ಳವರು ಸುಮ್ಮನಿರಲಿಲ್ಲ. “ನಮ್ಮಲ್ಲಿ ಹಿಂದೆಯೂ ಹೆಣ್ಣಿಗೆ ಆಸ್ತಿ ಇತ್ತು” ಎಂದು ವೇದಿಕೆಯ ಮೇಲೆ ಹೆಮ್ಮೆಪಡುವವರು, ಅದಕ್ಕೆ ಅವಳು ಏನು ತೆತ್ತಳು ಎಂಬುದನ್ನೂ ಹೇಳಬೇಕು. ಗಂಡಸಿನ ಮಾನ್ಯಕ್ಕೆ ಕತ್ತಿ, ಕೊಡಲಿ, ಲೆಕ್ಕಣಿಕೆ ಊಳಿಗವಾದರೆ, ಹೆಂಗಸಿನ ಮಾನ್ಯಕ್ಕೆ ಅವಳ ಮೈಯೇ ಊಳಿಗ.

ಮುಂಬಯಿ ಕರ್ನಾಟಕದಲ್ಲಿ ಕಾನೂನೇ ಬಾಯಿಬಿಟ್ಟು ಹೇಳಿತು. ಧಾರವಾಡ, ಬೆಳಗಾವಿ, ವಿಜಯಪುರದ ವತನು ಜಮೀನುಗಳಿಗೆ 1874ರ ಕಾಯ್ದೆ ಇತ್ತು. 1886ರ ತಿದ್ದುಪಡಿ ಬಂದು, ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಮನೆತನದ ಉಳಿದ ಪ್ರತಿಯೊಬ್ಬ ಹೆಂಗಸೂ ವಾರಸಿನಲ್ಲಿ ಮನೆತನದ ಪ್ರತಿಯೊಬ್ಬ ಗಂಡಸಿನ ಹಿಂದೆ ನಿಲ್ಲಬೇಕು ಎಂದಿತು. ಎಷ್ಟೇ ದೂರದ ದಾಯಾದಿಯಾಗಲಿ, ಹೊಟ್ಟೆಯ ಮಗಳಿಗಿಂತ ಅವನು ಮುಂದು. ಊಳಿಗ ಮಾಡಲು ಗಂಡಸೇ ಬೇಕು ಎಂಬುದು ಅದರ ಹಿಂದಿನ ತರ್ಕ. ಆದರೆ ವತನಿನ ಊಳಿಗಗಳಲ್ಲಿ ನೀರು ಹೊರುವುದು, ಕಸ ಹೊಡೆಯುವುದು, ಸೌದೆ ಹೊರುವುದು ಇದ್ದವಲ್ಲ, ಅವನ್ನು ಗಂಡಸರು ಒಬ್ಬರೇ ಮಾಡುತ್ತಿದ್ದರೆ? ಈ ವತನು ಎಂಬುದು ದಲಿತರಿಗೆ ಕೊಟ್ಟ ಭೂಮಿಯಲ್ಲ, ತೊಡಿಸಿದ ಸಂಕೋಲೆ ಎಂದು ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ತಿದ್ದುಪಡಿ ಮಸೂದೆ ತಂದರು. ಚೂರು ಹೊಲದ ಆಸೆಗೆ ಇಡೀ ಮನೆ ಹಗಲೂ ರಾತ್ರಿ ಸರ್ಕಾರದ ಕರೆಗೆ ಓಡಬೇಕಿತ್ತು.

ಈಗ ನನಗೆ ತುಂಬ ಇಷ್ಟವಾದ ಒಬ್ಬ ಹೆಂಗಸಿನ ವಿಷಯ. ಡಾ. ಮುತ್ತುಲಕ್ಷ್ಮಿ ರೆಡ್ಡಿ. 1886ರಲ್ಲಿ ಪುದುಕೋಟೆಯಲ್ಲಿ ಹುಟ್ಟಿದವರು (ವತನಿನ ತಿದ್ದುಪಡಿಯ ವರ್ಷವೇ). ತಾಯಿ ದೇವದಾಸಿ ಸಮುದಾಯದವರು. 1927ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆಯಾಗಿ ಹೋದರು. ಅವರ ಪ್ರಯತ್ನದಿಂದ 1929ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಒಂದು ಕಾಯ್ದೆ ಬಂತು. ಬಳ್ಳಾರಿ 1953ರ ತನಕ ಮದ್ರಾಸಿಗೇ ಸೇರಿದ್ದರಿಂದ ಅದು ನಮ್ಮದೂ ಹೌದು. ಅದು ಮಾಡಿದ್ದು ಇಷ್ಟು: ದೇವದಾಸಿಯರ ಇನಾಂ ಜಮೀನಿನಿಂದ ಸೇವೆಯ ಕರಾರನ್ನು ಕಿತ್ತುಹಾಕಿತು. ಗುಡಿಯ ಸೇವೆ ಬಿಟ್ಟರೂ ಜೋಡಿ ಎಂಬ ಹಗುರ ಕಂದಾಯ ಕಟ್ಟಿಕೊಂಡು ಜಮೀನನ್ನು ಅವಳೇ ಇಟ್ಟುಕೊಳ್ಳಬಹುದು. ಸೇವೆ ಬಿಟ್ಟೆಯಾ, ಹಾಗಾದರೆ ಹೊಲವನ್ನೂ ಬಿಡು ಎಂದು ಹೆದರಿಸಲು ಇನ್ನು ಸಾಧ್ಯವಿಲ್ಲ. ಪದ್ಧತಿ ಅಷ್ಟರಿಂದ ನಿಲ್ಲಲಿಲ್ಲ, ನಿಜ. 1947ರಲ್ಲಿ ಮದ್ರಾಸು, 1982ರಲ್ಲಿ ಕರ್ನಾಟಕ ನಿಷೇಧದ ಕಾಯ್ದೆ ಮಾಡಬೇಕಾಯಿತು. ಆದರೆ ಆ ತಾಯಿ ಗಂಟು ಎಲ್ಲಿದೆ ಎಂದು ಕಂಡುಹಿಡಿದಿದ್ದರು. ಊಳಿಗ ಬೇರೆ, ಹಕ್ಕು ಬೇರೆ. ಎರಡನ್ನೂ ಕಟ್ಟಿದ ಹಗ್ಗವನ್ನು ಕತ್ತರಿಸಬೇಕು, ಕತ್ತರಿಸಿದ ಮೇಲೆ ನೆಲ ಹೆಣ್ಣಿನ ಕೈಯಲ್ಲೇ ಇರಬೇಕು.

ಇನ್ನು ಸ್ಟಾಫ್ ರೂಮಿಗೆ ಬರುತ್ತೇನೆ. “ಸೇವಾ ಮಾಡಿದವ್ರಿಗೆ ಹೊಲ” ಎಂದರಲ್ಲ ನಮ್ಮ ಗಣಿತದ ಮೇಡಂ. ಒಂದು ಕ್ಷಣ ಆ ಮಾತನ್ನು ಒಪ್ಪಿಯೇ ಲೆಕ್ಕ ಹಾಕೋಣ.

ನನ್ನ ಅತ್ತೆಗೆ 2009ರಲ್ಲಿ ಲಕ್ವ ಹೊಡೆಯಿತು. ಆರು ವರ್ಷ ಮಲಗಿದ್ದರು, ಈ ಪಾರ್ವತಿನಗರದ ಮನೆಯಲ್ಲೇ. ಬೆಳಿಗ್ಗೆ ಐದಕ್ಕೆದ್ದು ಅವರ ಮೈ ಒರೆಸಿ, ಹಾಸಿಗೆ ಬಟ್ಟೆ ಒಗೆದು, ಗಂಜಿ ಕುಡಿಸಿ ನಾನು ಶಾಲೆಗೆ ಓಡುತ್ತಿದ್ದೆ. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಲು ಮಧ್ಯಾಹ್ನ ಒಂದು ಹೆಂಗಸನ್ನು ಇಟ್ಟಿದ್ದೆ, ಸಂಬಳ ನನ್ನದರಲ್ಲೇ. ಅತ್ತೆ ಒಳ್ಳೆಯವರು. ಮಾತು ನಿಂತ ಮೇಲೂ ಕಣ್ಣಿನಲ್ಲೇ ಋಣ ಹೇಳುತ್ತಿದ್ದರು, ಅವರ ಬಗ್ಗೆ ನನಗೆ ಒಂದು ಕಾಳಿನಷ್ಟೂ ದೂರಿಲ್ಲ. ಅವರು ಹೋದ ಮೇಲೆ ಹೊಲ ಮೂವರು ಗಂಡು ಮಕ್ಕಳಿಗೆ ಹಂಚಿಕೆಯಾಯಿತು. ಹಂಚಿಕೆಯ ದಿನ ಹಿರಿಯರು ನನ್ನ ಯಜಮಾನರ ಬೆನ್ನು ತಟ್ಟಿ, “ತಾಯಿ ಸೇವಾ ಅಂದ್ರ ನಿಂದಪ್ಪಾ” ಎಂದರು. ಅವರೂ ತಲೆ ತಗ್ಗಿಸಿ ಆ ಮಾತನ್ನು ಸ್ವೀಕರಿಸಿದರು. ನಾನು ಒಳಗೆ ಚಹಾ ಸೋಸುತ್ತಿದ್ದೆ.

ಇತ್ತ ನನ್ನ ತವರಿನಲ್ಲಿ? ನನ್ನ ಮದುವೆ 1993ರಲ್ಲಿ ಆಯಿತು. ಮಗಳೂ ಹುಟ್ಟಿನಿಂದ ಪಾಲುದಾರಳು ಎಂಬ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು, ಅದೂ ಅದಕ್ಕೆ ಮೊದಲು ಮದುವೆಯಾದವರಿಗೆ ಇಲ್ಲ ಎಂಬ ಷರತ್ತಿನೊಂದಿಗೆ. ಒಂದು ವರ್ಷ ತಡೆದು ಅಕ್ಷತೆ ಹಾಕಿಸಿಕೊಂಡಿದ್ದರೆ ಪಾಲುದಾರಳು! 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಮದುವೆಯ ಆ ಷರತ್ತನ್ನು ತೆಗೆಯಿತು. ಅಪ್ಪ ತೀರಿಕೊಂಡದ್ದು 2006ರಲ್ಲಿ. 2007ರಲ್ಲಿ ನನ್ನ ಅಣ್ಣಂದಿರು ಕಾಗದ ಹಿಡಿದು ಬಂದರು. ಓದಿದವಳು ನಾನು, ಬಿ.ಎ., ಬಿ.ಎಡ್., ಮಕ್ಕಳಿಗೆ ಹಕ್ಕು ಕರ್ತವ್ಯ ಕಲಿಸುವವಳು. ಕಾಲುವೆ ನೀರಿನ ಗದ್ದೆಯಲ್ಲಿ ನನ್ನ ಪಾಲನ್ನು ಎರಡು ನಿಮಿಷದಲ್ಲಿ ಬಿಟ್ಟುಕೊಟ್ಟು, ಹೆಬ್ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ ಬಂದೆ. ಯಾರೂ ಹೆದರಿಸಲಿಲ್ಲ. “ಅವ್ವನ್ನ ನೋಡಿಕೊಳ್ಳೋರು ನಾವಲ್ಲೇನವಾ” ಎಂದರು, ಅಷ್ಟೇ.

ನೋಡಿಕೊಂಡದ್ದು ಯಾರು? ನನ್ನ ದೊಡ್ಡ ಅತ್ತಿಗೆ. ನಾನು ಬಳ್ಳಾರಿಯಲ್ಲಿ ಅತ್ತೆಯ ಮೈ ಒರೆಸುತ್ತಿದ್ದ ವರ್ಷಗಳಲ್ಲಿ ಅತ್ತಿಗೆ ಊರಲ್ಲಿ ನನ್ನ ಅವ್ವನ ಮೈ ಒರೆಸುತ್ತಿದ್ದಳು. ಅವ್ವನ ದಿನಕರ್ಮದಂದು ಹಿತ್ತಲಲ್ಲಿ ಪಾತ್ರೆ ಬೆಳಗುತ್ತ ಅತ್ತಿಗೆ ಅಂದಳು, “ಹೊಲ ನಿನಗೂ ಬರ್ಲಿಲ್ಲ, ನನಗೂ ಬರ್ಲಿಲ್ಲ. ಇಬ್ರೂ ಯಾರ ಸಲುವಾಗಿ ದುಡಿದ್ವಿ ಹೇಳು?” ಅವಳು ಓದಿದ್ದು ನಾಲ್ಕನೇ ಕ್ಲಾಸು. ಊಳಿಗಮಾನ್ಯ ಪದ್ಧತಿ ನನಗೆ ಸರಿಯಾಗಿ ಅರ್ಥವಾದದ್ದು ಆ ಹಿತ್ತಲಲ್ಲಿ, ಪಾಠದ ಪುಸ್ತಕದಲ್ಲಲ್ಲ. ಗುರಾಣಿ ಹಣ ಕಟ್ಟಿ ಯುದ್ಧ ತಪ್ಪಿಸಿಕೊಂಡ ನೈಟಾದರೂ ತನ್ನ ಗಂಟಿನಿಂದ ಕಟ್ಟಿದ. ನಮ್ಮ ಮನೆಗಳ ನೈಟುಗಳು ಹೆಂಡತಿಯನ್ನು ಯುದ್ಧಕ್ಕೆ ಕಳಿಸಿ, ತಾವು ಜಮೀನು ಉಂಡು, ಮೇಲೆ ಮೆಚ್ಚುಗೆಯನ್ನೂ ಪಡೆದವರು.

ಕಾನೂನನ್ನೂ ಕೇಳಿ ನೋಡಿ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಬಂದ ಕಾಯ್ದೆಯಲ್ಲಿ ಮಕ್ಕಳು ಎಂದರೆ ಯಾರು ಎಂದು ಬರೆದಿದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಎಂಬ ಪದ ಆ ಪಟ್ಟಿಯಲ್ಲಿಲ್ಲ. ಕಾನೂನು ಅವಳಿಂದ ಕೇಳದ ಊಳಿಗವನ್ನು ಅವಳು ಮಾಡುತ್ತಾಳೆ. ಕಾನೂನು ಮಗಳಿಗೆ ಕೊಟ್ಟ ಮಾನ್ಯವನ್ನು ಮಗಳು ಬಿಟ್ಟುಕೊಡುತ್ತಾಳೆ. ಎರಡೂ ಕಡೆ ಲಾಭ ಒಬ್ಬರಿಗೇ.

“ನಿನ್ನ ಮದುವೆಗೆ ಖರ್ಚು ಮಾಡಿಲ್ಲೇನು?” ಎಂದು ಅಣ್ಣ ಕೇಳುತ್ತಾನೆ. ಮಾಡಿದ್ದಾರೆ. ಪೆಂಡಾಲಿಗೆ, ಊಟಕ್ಕೆ, ವಾಚು ಸೂಟಿಗೆ. ಅದರಲ್ಲಿ ನನ್ನ ಹೆಸರಿನಲ್ಲಿ ಉಳಿದದ್ದು ಏನು? ಅಣ್ಣನ ಮದುವೆಗೂ ಪೆಂಡಾಲು ಹಾಕಿದ್ದರು, ಅದನ್ನು ಅವನ ಪಾಲಿನಲ್ಲಿ ಯಾರೂ ಮುರಿದುಕೊಂಡಿಲ್ಲ. ಇನ್ನೊಂದು ತಕರಾರನ್ನು ಮಾತ್ರ ನಾನು ತಳ್ಳಿಹಾಕಲಾರೆ. ಮೂರೆಕರೆಯನ್ನು ಐದು ಭಾಗ ಮಾಡಿದರೆ ಯಾರಿಗೂ ದಕ್ಕುವುದಿಲ್ಲ, ಉಳುವವನೂ ಕೆಡುತ್ತಾನೆ ಎಂಬುದು. ಅದು ನಿಜ. ಉಳುವ ತಮ್ಮನೇ ಉಳಲಿ, ನೀವು ಕೋರು ಕೇಳದಿದ್ದರೂ ಸರಿಯೇ. ಆದರೆ ಹೊಲ ಸಣ್ಣದಾದಾಗ ಗಂಡುಮಕ್ಕಳು ಖುಲಾಸೆ ಪತ್ರ ಬರೆದುಕೊಟ್ಟು ರೇಷ್ಮೆ ಪಂಚೆ ಉಟ್ಟು ಹೋದದ್ದನ್ನು ನಾನು ಕಂಡಿಲ್ಲ. ಪಹಣಿಯಲ್ಲಿ ನಿಮ್ಮ ಹೆಸರು ಇರಲಿ, ಉಳುಮೆ ಅವನದಿರಲಿ. ಹೊಲ ಸಣ್ಣದೆಂಬುದು ಹೆಸರು ತೆಗೆಯಲು ಕಾರಣವಲ್ಲ.

ತಂದೆ ತಾಯಿಯನ್ನು ನಿಜವಾಗಿ ತನ್ನ ಕೈಯಾರೆ ನೋಡಿಕೊಂಡ ಗಂಡು ಮಕ್ಕಳೂ ಇದ್ದಾರೆ, ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ, ಅವರಿಗೆ ಕೈಮುಗಿಯುತ್ತೇನೆ. ನೋಡಿಕೊಂಡವರಿಗೆ ಏನಾದರೂ ಸಲ್ಲಬೇಕೆಂದರೆ ಸಲ್ಲಲಿ. ಹಿರಿಯರು ಬದುಕಿರುವಾಗಲೇ ತಮ್ಮ ಪಾಲಿನದನ್ನು ಉಯಿಲಿನಲ್ಲಿ ಬರೆಯಲಿ. ಬರೆಯುವಾಗ ಕಣ್ಣು ತೆರೆದು ನೋಡಿ, ಮಲ ಮೂತ್ರ ಬಳಿದವರ ಹೆಸರು ಬರೆಯಲಿ. ಆಗ ಮಗನ ಹೆಸರಿನ ಬದಲು ಸೊಸೆಯ ಹೆಸರು ಬರುವ ಉಯಿಲು ಎಷ್ಟಾಗುತ್ತದೋ ನೋಡೋಣ.

ತವರು ಉಳಿಯುವ ಮಾತು ಬಂತಲ್ಲ. ಪಾಲು ಬಿಟ್ಟ ಮೇಲೆ ನನಗೆ ತವರು ಉಳಿಯಿತೆ? ಉಳಿಯಿತು. ಪಂಚಮಿಗೆ ಉಂಡಿ, ದೀಪಾವಳಿಗೆ ಸೀರೆ ಬರುತ್ತವೆ. ಪಾಲು ಕೇಳಿದ ನನ್ನ ಚಿಕ್ಕಪ್ಪನ ಮಗಳೊಬ್ಬಳಿಗೆ ಮೂರು ವರ್ಷ ಮನೆ ಬಾಗಿಲು ಮುಚ್ಚಿತ್ತು. ಅವಳು ಕೋರ್ಟಿಗೆ ಅಲೆದಳು, ಅತ್ತಳು, ಅರ್ಧ ವಕೀಲಳೇ ಆದಳು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸು‍ಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಹೇಳಿದಾಗ ನನಗೆ ಮೊದಲು ಫೋನು ಮಾಡಿದವಳು ಅವಳೇ. ಈಗ ಅವಳ ತಮ್ಮ ಅವಳನ್ನು ‘ಅಕ್ಕ’ ಎನ್ನುವುದರ ಜೊತೆಗೆ ‘ಬರ್ರಿ’ ಎಂದು ಬಹುವಚನವನ್ನೂ ಸೇರಿಸಿದ್ದಾನೆ. ನನಗೆ ಸೀರೆ ಬರುತ್ತದೆ, ಅವಳಿಗೆ ಪ್ರತಿ ಸುಗ್ಗಿಗೆ ನೆಲ್ಲಿನ ಚೀಲ ಬರುತ್ತದೆ. ಇಬ್ಬರಲ್ಲಿ ಯಾರ ತವರು ಗಟ್ಟಿ ಎಂದು ನಾನು ಹೇಳಲಾರೆ. ಯಾರ ಮುಪ್ಪು ಗಟ್ಟಿ ಎಂದು ಹೇಳಬಲ್ಲೆ.

ಇದನ್ನೆಲ್ಲ ಆ ಹುಡುಗಿಗೆ ಶಾಲೆ ಬಿಟ್ಟ ಮೇಲೆ ಹೇಳಿದೆ, ಇಷ್ಟು ಉದ್ದವಾಗಿ ಅಲ್ಲ. ಎರಡೇ ಕೆಲಸ ಮಾಡು ಎಂದೆ. ಒಂದು, ಸಹಿಗೆ ಮುಂಚೆ ಹೊಲದ ಪಹಣಿ ತೆಗೆಸಿ, ಯಾರ ಯಾರ ಹೆಸರು ಇದೆ ಓದು. ಎರಡು, ಇಷ್ಟು ವರ್ಷ ಅಪ್ಪ ಅವ್ವನಿಗೆ ಅನ್ನ ಬೇಯಿಸಿದವಳು ಯಾರು ಎಂದು ಅಣ್ಣನನ್ನು ಕೇಳು. ಉತ್ತರ ಅತ್ತಿಗೆ ಎಂದು ಬಂದರೆ, ಅವಳ ಹೆಸರಿಗೆ ಬರೆಯುವುದಾದರೆ ನಾನು ಸಹಿ ಹಾಕುತ್ತೇನೆ ಎನ್ನು.

ಅವಳು ಶನಿವಾರ ಸಂಜೆ ಅಣ್ಣನಿಗೆ ಫೋನು ಮಾಡಿ ಎರಡನೆಯದನ್ನೇ ಮೊದಲು ಕೇಳಿದಳಂತೆ. ಅವನು, ನಿನಗೆ ಯಾರೋ ತಲೆ ಕೆಡಿಸಿದ್ದಾರೆ ಎಂದು ಫೋನು ಇಟ್ಟನಂತೆ. (ಆ ‘ಯಾರೋ’ ನಾನೇ.) ರಾತ್ರಿ ಹತ್ತರ ಮೇಲೆ ಅತ್ತಿಗೆಯ ಫೋನು ಬಂತಂತೆ. ಪಿಸುಮಾತಿನಲ್ಲಿ ಅವಳು ಕೇಳಿದ್ದು, “ನಿನ್ನ ಅಣ್ಣಗ ನೀ ಏನು ಕೇಳಿದಿ? ಇನ್ನೊಂದು ಸರ್ತಿ ಹೇಳವಾ.”

ಸೋಮವಾರ ಹುಡುಗಿ ಸಿರುಗುಪ್ಪದ ಬಸ್ಸು ಹತ್ತಲಿಲ್ಲ. ಮೊದಲ ಪೀರಿಯಡ್ಡು ಅವಳಿಗೆ ಏಳನೇ ಕ್ಲಾಸಿನ ಕನ್ನಡ. ಸ್ಟಾಫ್ ರೂಮಿನಲ್ಲಿ ಬಿಟ್ಟುಹೋದ ಅವಳ ಬ್ಯಾಗಿನಲ್ಲಿ ಫೋನು ಹನ್ನೊಂದರ ತನಕ ಬಡಿದುಕೊಳ್ಳುತ್ತಲೇ ಇತ್ತು. ಗಣಿತದ ಮೇಡಂ ಎರಡು ಸಲ ಅದರ ಕಡೆ ನೋಡಿ, ಮೂರನೆಯ ಸಲ ಎದ್ದು ಹೋಗಿ ಬ್ಯಾಗಿನ ಜಿಪ್ಪು ಎಳೆದು, ಅದರ ಮೇಲೆ ತಮ್ಮ ಸ್ವೆಟರು ಹಾಕಿ ಬಂದು ಕೂತರು.